ಮೊದಲು ಗಿಡ, ಆಮೇಲೆ ಚಿಪ್ಪು, ಕೊನೆಗೆ ಮೀನು

ತೊಟ್ಟಿ, ಗಿಡ, ಮೀನು ಎಲ್ಲವನ್ನೂ ಒಂದೇ ಸಂಜೆ ತಂದು ತುಂಬಿಸಿ, ವಾರದೊಳಗೆ ಮೀನು ಸತ್ತು ತೇಲಿದಾಗ ‘ನಮ್ಮ ಕೈಗುಣವೇ ಸರಿಯಿಲ್ಲ’ ಎಂದು ಅಕ್ವೇರಿಯಂ ಅಟ್ಟಕ್ಕೇರಿಸಿದವರು ಎಷ್ಟೋ ಮಂದಿ. ಪಾಪ, ಅವರ ಕೈಗುಣ ಚೆನ್ನಾಗಿಯೇ ಇರುತ್ತದೆ, ಅವಸರ ಕೆಡಿಸಿರುತ್ತದೆ. ಮೀನು ಹೊರಬಿಡುವ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ವಾರಗಳೇ ಬೇಕು. ಗಿಡಗಳಾದರೋ ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತವೆ. ಆದ್ದರಿಂದ ಮೊದಲ ತಿಂಗಳು ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೊಕೊರೈನ್‌ಗಳಿಗೇ ಬಿಟ್ಟುಕೊಡಿ. ಕ್ರಿಪ್ಟೊಕೊರೈನ್ ಜಾಗ ಬದಲಾದೊಡನೆ ಎಲೆಯೆಲ್ಲ ಕೊಳೆತು ಕರಗಬಹುದು. ಕಿತ್ತೆಸೆಯಬೇಡಿ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ.

ಗಿಡ ಬೇರೂರಿದ ಮೇಲೆ ಸಿಗಡಿಯ ಸರದಿ. ಪಾಚಿ ತಿನ್ನಲು ಸಿಗಡಿ ಸಾಕುವ ರೂಢಿಯನ್ನು ಲೋಕಕ್ಕೆ ಹಬ್ಬಿಸಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. ಅವರ ಹೆಸರೇ ಹೊತ್ತ ಸಿಗಡಿ ಪಾಚಿ ಮೇಯುವುದರಲ್ಲಿ ನಿಸ್ಸೀಮ. ಆದರೆ ಅದರ ಮರಿಗಳಿಗೆ ಉಪ್ಪು ಬೆರೆತ ನೀರು ಬೇಕು, ಸಿಹಿನೀರಿನ ತೊಟ್ಟಿಯಲ್ಲಿ ಉಳಿಯುವುದಿಲ್ಲ. ನನ್ನ ಒಲವು ಕೆಂಪು ಚೆರ್ರಿ ಸಿಗಡಿಯ ಕಡೆಗೆ. ಹೆಣ್ಣು ಮೂರ್ನಾಲ್ಕು ವಾರ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು, ಪುಟ್ಟ ಕಾಲುಗಳಿಂದ ಬಿಡದೆ ನೀರು ಬೀಸುತ್ತಿರುತ್ತದೆ. ಮರಿಗಳು ಥೇಟ್ ತಾಯಿಯ ರೂಪದಲ್ಲೇ ಹೊರಬರುತ್ತವೆ, ಗಾತ್ರವಷ್ಟೇ ಎಳ್ಳಿಗಿಂತ ಸಣ್ಣದು. ಒಂದು ಬೆಳಗ್ಗೆ ಪಾರದರ್ಶಕವಾದ ಸಿಗಡಿಯೊಂದು ಮಗುಚಿ ಬಿದ್ದಿರುವುದು ಕಂಡೀತು. ಗಾಬರಿ ಬೇಡ, ಅದು ಕಳಚಿದ ಚಿಪ್ಪು. ಅಲ್ಲೇ ಇರಲಿ, ಅದರಲ್ಲಿನ ಖನಿಜಕ್ಕಾಗಿ ಸಿಗಡಿಗಳೇ ತಿನ್ನುತ್ತವೆ. ಒಂದು ಎಚ್ಚರಿಕೆ: ಮೀನಿನ ರೋಗಕ್ಕೆಂದು ತಾಮ್ರವಿರುವ ಔಷಧಿ ಹಾಕಿದಿರೋ, ಸಿಗಡಿ, ಬಸವನಹುಳು ಎರಡನ್ನೂ ಕಳೆದುಕೊಂಡಿರೆಂದೇ ತಿಳಿಯಿರಿ.

ನಿಮ್ಮೂರ ನೀರು ಎಂಥದೆಂದು ಅರಿಯಬೇಕಾದರೆ ಬಸವನಹುಳುವಿನ ಬೆನ್ನು ನೋಡಿ. ಕೋಲಾರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಚಿಪ್ಪು ನುಣುಪಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು, ತುಸು ಆಮ್ಲೀಯ. ಅಲ್ಲಿ ಸುರುಳಿಯ ತುದಿ ಮೊದಲು ಮಂಕಾಗಿ, ಆಮೇಲೆ ಬಿಳಿ ಕಲೆ ಬಿದ್ದು ಗುಳಿಯಾಗುತ್ತದೆ. ಸುಣ್ಣ ಕರಗಿಹೋಗುತ್ತಿದೆ ಎಂದರ್ಥ. ಮರುವಾಯಿ ಸಾರು ಉಂಡೆದ್ದ ಮನೆಯಲ್ಲಿ ಚಿಪ್ಪಿಗೇನು ಬರ? ಚೆನ್ನಾಗಿ ತೊಳೆದು, ಕುದಿಸಿ, ಕುಟ್ಟಿ ಫಿಲ್ಟರಿನೊಳಗೆ ಹಿಡಿಯಷ್ಟು ಹಾಕಿದರೆ ಸಾಕು.

ಕೆರೆಯ ಕಪ್ಪೆಚಿಪ್ಪನ್ನು ಮಾತ್ರ ಗಾಜಿನ ತೊಟ್ಟಿಗೆ ತರಲೇಬೇಡಿ. ಅದು ನೀರನ್ನು ಸೋಸಿ ಸೂಕ್ಷ್ಮ ಪಾಚಿ ತಿಂದು ಬದುಕುವ ಜೀವಿ. ನಮಗೆ ಹಿತವಾಗಿ ಕಾಣುವ ತಿಳಿನೀರು ಅದಕ್ಕೆ ಉಪವಾಸ. ಮರಳಲ್ಲಿ ಹೂತುಕೊಂಡೇ ಸಾಯುವುದರಿಂದ ನಮಗೆ ಗೊತ್ತಾಗುವಷ್ಟರಲ್ಲಿ ಕೊಳೆತ ಮಾಂಸದ ಅಮೋನಿಯಾ ಉಳಿದವನ್ನೂ ಕೊಂದಿರುತ್ತದೆ. ಹಿತ್ತಿಲಲ್ಲಿ ಹಸಿರು ನೀರಿನ ದೊಡ್ಡ ಹೊಂಡವಿದ್ದರೆ ಮಾತು ಬೇರೆ. ಕಪ್ಪೆಚಿಪ್ಪಿನ ಮರಿಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲದಿನ ಕಳೆದು ತಳಕ್ಕೆ ಉದುರುತ್ತವೆ. ಬಿಟರ್ಲಿಂಗ್ ಎಂಬ ಮೀನು ಇದಕ್ಕೆ ತಿರುಗುಮುರುಗು: ತನ್ನ ಮೊಟ್ಟೆಗಳನ್ನೇ ಕಪ್ಪೆಚಿಪ್ಪಿನೊಳಗೆ ಇಡುತ್ತದೆ!

ಇನ್ನು ಮೀನು. ಕೆಂಪು ಗೆರೆಯ ಡೆನಿಸನ್ ಬಾರ್ಬ್ ನಮ್ಮ ಪಶ್ಚಿಮ ಘಟ್ಟದ ಚೆಲುವೆ, ನಿಜ. ಆದರೆ ಗುಂಪಿನಲ್ಲಿರುವ, 15 ಸೆಂಟಿಮೀಟರಿನವರೆಗೂ ಬೆಳೆಯುವ, ಹರಿವ ಹೊಳೆಯ ಮೀನದು. ಅಳಿವಿನಂಚಿನ ಪಟ್ಟಿಯಲ್ಲೂ ಇದೆ. ಎರಡಡಿ ತೊಟ್ಟಿಗೆ ಅದನ್ನು ತುಂಬುವುದನ್ನು ನಾನು ಒಪ್ಪಲಾರೆ. ಸಾಕುಕೇಂದ್ರದಲ್ಲೇ ಮರಿಯಾದ ಸಣ್ಣ ರಾಸ್ಬೋರಾಗಳನ್ನು ಎಂಟು ಹತ್ತು ತನ್ನಿ. ಅವು ಎಳೆಯ ಸಿಗಡಿಮರಿಗಳನ್ನು ಒಂದಿಷ್ಟು ನುಂಗುತ್ತವೆ, ಅದು ತಪ್ಪಿದ್ದಲ್ಲ. ಒಂದು ಮೂಲೆಯಲ್ಲಿ ಜಾವಾ ಪಾಚಿ ದಟ್ಟವಾಗಿ ಬೆಳೆದಿದ್ದರೆ ಸಂತತಿ ಮುಂದುವರಿಯುವಷ್ಟು ಮರಿಗಳು ಅದರೊಳಗೆ ಉಳಿದುಕೊಳ್ಳುತ್ತವೆ.