ಮೂತ್ರಪಿಂಡ ಬರಿಯ ಜರಡಿಯೆ?

‘ಮೂತ್ರಪಿಂಡವು ರಕ್ತ ಸೋಸುವ ಜರಡಿ.’ ಈ ವಾಕ್ಯವನ್ನು ನೀವು ಓದಿದ್ದೀರಿ. ಅಧ್ಯಾಪಕರಾಗಿದ್ದರೆ ತರಗತಿಯಲ್ಲಿ ಹೇಳಿಯೂ ಇರುತ್ತೀರಿ. ಹೋಲಿಕೆ ಸುಲಭ, ಆದರೆ ಅರ್ಧಸತ್ಯ.

ಜರಡಿಗೆ ಗಾತ್ರವಷ್ಟೇ ಗೊತ್ತು, ಬೇಕುಬೇಡ ಗೊತ್ತಿಲ್ಲ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನುಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರ್ ದ್ರವವನ್ನು ಸೋಸುತ್ತವೆ. ಮೂತ್ರವಾಗುವುದು ಸುಮಾರು ಒಂದೂವರೆ ಲೀಟರ್ ಮಾತ್ರ. ಉಳಿದ ನೀರು, ಗ್ಲೂಕೋಸ್, ಲವಣಗಳನ್ನು ನೆಫ್ರಾನಿನ ನಾಳಗಳು ಶಕ್ತಿ ವ್ಯಯಿಸಿ ರಕ್ತಕ್ಕೆ ಮರಳಿಸುತ್ತವೆ. ಇದು ಜರಡಿಯ ಕೆಲಸವಲ್ಲ.

ಈ ಹೋಲಿಕೆಯಿಂದ ಅಪಾಯವೂ ಉಂಟು. ಜರಡಿ ಕಟ್ಟಿಕೊಂಡರೆ ಕೂಡಲೇ ತಿಳಿಯುತ್ತದೆ. ‘ಮೂತ್ರ ಸರಿಯಾಗಿ ಹೋಗುತ್ತಿದೆ, ಮೂತ್ರಪಿಂಡಕ್ಕೇನೂ ಆಗಿಲ್ಲ’ ಎಂಬ ನಂಬಿಕೆ ಹುಟ್ಟುವುದು ಇಲ್ಲಿಂದಲೇ. ವಾಸ್ತವದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಸೋಸುವ ಸಾಮರ್ಥ್ಯ ಬಹುಪಾಲು ಕುಂದಿದ ಮೇಲೂ ಮೂತ್ರದ ಪ್ರಮಾಣ ಇಳಿಯದಿರಬಹುದು. ರಕ್ತದ ಕ್ರಿಯಾಟಿನಿನ್ ಸೋಸುವ ದರಕ್ಕೆ ಸರಿಸುಮಾರು ವಿಲೋಮವಾಗಿ ಬದಲಾಗುತ್ತದೆ. ಅದು 0.7ರಿಂದ 1.4ಕ್ಕೆ ಏರಿದರೆ ‘ಸ್ವಲ್ಪ ಹೆಚ್ಚು’ ಎನ್ನಬೇಡಿ. ಸಾಮರ್ಥ್ಯ ಅರ್ಧಕ್ಕಿಳಿದಿದೆ ಎಂದರ್ಥ.

ನಿಜವಾಗಿ ಜರಡಿಯನ್ನು ಹೋಲುವುದು ಡಯಾಲಿಸಿಸ್ ಯಂತ್ರ. 1943ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಯಿಂದ ಅದನ್ನು ರಚಿಸಿದರು. ಅಲ್ಲಿ ನಡೆಯುವುದು ಮುಖ್ಯವಾಗಿ ವಿಸರಣ. ಕೆಂಪು ರಕ್ತಕಣಗಳ ಉತ್ಪಾದನೆಗೆ ಬೇಕಾದ ಎರಿತ್ರೊಪೊಯೆಟಿನ್ ಹಾರ್ಮೋನನ್ನು ಅದು ತಯಾರಿಸಲಾರದು. ಆದ್ದರಿಂದಲೇ ಇಂಥ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ. ಸೋಗಾನೆಯಂಥ ಊರಿನ ರೋಗಿ ವಾರಕ್ಕೆ ಎರಡು ಮೂರು ಸಲ ಶಿವಮೊಗ್ಗಕ್ಕೆ ಹೋಗಿ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕು.

ಮುಂದಿನ ಸಲ ಪಾಠ ಮಾಡುವಾಗ ಜರಡಿಯನ್ನು ಬದಿಗಿಟ್ಟು, ಆ ವಿಲೋಮ ರೇಖೆಯನ್ನು ಹಲಗೆಯ ಮೇಲೆ ಬರೆಯಿರಿ. ವಿದ್ಯಾರ್ಥಿಯ ಮನೆಯಲ್ಲಿ ಯಾರಾದರೂ ಸಕಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡಾರು.