ಹಸಿರು ಸಾಲು ಹೇಳುವುದೆಷ್ಟು?

ಬಡ್ಡಿ ಲೆಕ್ಕ ಹಾಕುವ ಒಂದು ಜಾವಾ ಮೆಥಡ್ ಇದೆ ಎನ್ನಿ. ಅದನ್ನು ಕರೆದು, ಬಂದ ಉತ್ತರವನ್ನು ನೋಡದೆಯೇ ಮುಗಿಯುವ ಟೆಸ್ಟ್ ಬರೆದರೂ, ಟೆಸ್ಟ್‌ಗಳು ಕೋಡಿನ ಯಾವ ಸಾಲುಗಳನ್ನು ಓಡಿಸಿದವೆಂದು ಅಳೆಯುವ ಜಾಕೊಕೊ ಉಪಕರಣದ ವರದಿಯಲ್ಲಿ ಆ ಮೆಥಡ್ ಹಸಿರಾಗುತ್ತದೆ. ಇದಕ್ಕಾಗಿ ಉಪಕರಣವನ್ನೇ ಜರೆಯುವವರಿದ್ದಾರೆ. ಅದು ಅನ್ಯಾಯ. ಜಾಕೊಕೊ ಹೇಳಿದ್ದು 'ಈ ಸಾಲು ಓಡಿತು' ಎಂದಷ್ಟೆ. 'ಸರಿಯಾಗಿದೆ' ಎಂದು ಓದಿಕೊಂಡವರು ನಾವು.

ಜಾಕೊಕೊ ಕೆಲಸ ಮಾಡುವ ಬಗೆ ನನಗೆ ಬಹಳ ಇಷ್ಟ. ಮೂಲ ಕೋಡನ್ನು ಮುಟ್ಟುವುದಿಲ್ಲ. ಜೆವಿಎಂ ಕ್ಲಾಸನ್ನು ಲೋಡ್ ಮಾಡುವಾಗ ಜಾಕೊಕೊದ ಏಜೆಂಟ್ ನಡುವೆ ಬಂದು, ಬೈಟ್‌ಕೋಡ್‌ನ ಆಯ್ದ ಜಾಗಗಳಲ್ಲಿ ಪ್ರೋಬ್‌ಗಳನ್ನು ಇಡುತ್ತದೆ. ಪ್ರೋಗ್ರಾಂ ಅಲ್ಲಿ ಹಾದುಹೋದರೆ ಒಂದು ಬೂಲಿಯನ್ ಟ್ರೂ ಆಗುತ್ತದೆ. ಎಷ್ಟು ಸಲ ಹಾಯಿತು ಎಂಬ ಎಣಿಕೆಯಿಲ್ಲ. ಈ ಮಿತವ್ಯಯದಿಂದಾಗಿ ಸಾವಿರಾರು ಟೆಸ್ಟ್‌ಗಳಿದ್ದರೂ ಓಟ ಅಷ್ಟೇನೂ ನಿಧಾನವಾಗುವುದಿಲ್ಲ. ಜೆವಿಎಂ ಮುಚ್ಚುವಾಗ ಎಲ್ಲವೂ ಜಾಕೊಕೊ.ಎಕ್ಸೆಕ್ ಎಂಬ ಕಡತಕ್ಕೆ ಇಳಿಯುತ್ತದೆ.

ಹಸಿರು ಹೇಳುವುದು 'ಓಡಿತು' ಎಂದಷ್ಟೆ. ಹಾಗಾಗಿ ನಾನು ಹಸಿರಿಗಿಂತ, ಓಡದ ಸಾಲಿಗೆ ಬೀಳುವ ಕೆಂಪನ್ನು ಹೆಚ್ಚು ನಂಬುತ್ತೇನೆ. ಆದರೆ ಕೆಂಪೂ ಒಂದು ಕಡೆ ತಪ್ಪುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ಎಕ್ಸೆಪ್ಷನ್ ಎಸೆಯುವ ಮೆಥಡ್ಡನ್ನು ಕರೆಯುವ ಸಾಲು ನೋಡಿ. ಎಕ್ಸೆಪ್ಷನ್ ಬರಲೇಬೇಕೆಂದು ಟೆಸ್ಟ್ ಚೆನ್ನಾಗಿಯೇ ಪರೀಕ್ಷಿಸಿರುತ್ತದೆ. ಆದರೂ ಆ ಸಾಲಿನ ಆಚೆಗಿನ ಪ್ರೋಬ್ ಮುಟ್ಟುವ ಮೊದಲೇ ಹರಿವು ಜಿಗಿದುಹೋಗುವುದರಿಂದ ಸಾಲು ಕೆಂಪಾಗಿಯೇ ಉಳಿಯುತ್ತದೆ. ಶ್ರಮಪಟ್ಟು ಬರೆದ ಟೆಸ್ಟ್‌ಗೆ ಲೆಕ್ಕದಲ್ಲಿ ಜಾಗ ಸಿಗುವುದಿಲ್ಲ.

ನನ್ನ ನಿಜವಾದ ತಕರಾರು ಬೇರೆ. ಬಿಲ್ಡ್ ಉಪಕರಣವಾದ ಮಾವೆನ್‌ನಲ್ಲಿ ಜಾಕೊಕೊ ತನ್ನ ಏಜೆಂಟನ್ನು ಆರ್ಗ್‌ಲೈನ್ ಎಂಬ ಪ್ರಾಪರ್ಟಿಯ ಮೂಲಕ, ಟೆಸ್ಟ್ ಓಡಿಸುವ ಪ್ಲಗಿನ್ ಆದ ಶೂರ್‌ಫೈರ್‌ಗೆ ತಲುಪಿಸುತ್ತದೆ. ಯಾರೋ ಮೆಮೊರಿ ಹೆಚ್ಚಿಸಲೆಂದು ಶೂರ್‌ಫೈರ್‌ನಲ್ಲೇ ಆರ್ಗ್‌ಲೈನ್ ಬರೆದುಬಿಟ್ಟರೆ ಏಜೆಂಟ್ ಹೊರಬೀಳುತ್ತದೆ. ದತ್ತಾಂಶದ ಕಡತವಿಲ್ಲ, ವರದಿ ಬಿಟ್ಟುಬಿಟ್ಟೆ ಎಂಬ ಒಂದು ಸಾಲು ಲಾಗ್‌ನಲ್ಲಿ ಸರಿದುಹೋಗುತ್ತದೆ. ಬಿಲ್ಡ್ ಯಶಸ್ವಿ ಎಂದೇ ಮುಗಿಯುತ್ತದೆ. ಅಳತೆಯೇ ನಡೆದಿಲ್ಲ ಎಂಬುದು ಬಿಲ್ಡನ್ನು ನಿಲ್ಲಿಸಬೇಕಾದ ಸುದ್ದಿ. ಅದನ್ನು ಇಷ್ಟು ಮೆಲ್ಲಗೆ ಹೇಳುವುದನ್ನು ನಾನು ಒಪ್ಪಲಾರೆ.

ಇನ್ನು ಅಳತೆ ನಡೆದರೂ, ಟೆಸ್ಟ್‌ಗಳು ಓಡಿಸಿದ ಸಾಲುಗಳ ಪ್ರಮಾಣ ಶೇ 80 ದಾಟದಿದ್ದರೆ ಕೋಡ್ ಸೇರಿಸುವಂತಿಲ್ಲ ಎಂಬ ನಿಯಮವಿಟ್ಟ ತಂಡಗಳಲ್ಲಿ ಗೆಟರ್, ಸೆಟರ್‌ಗಳಿಗೆ ಟೆಸ್ಟ್‌ಗಳು ಹೆಚ್ಚುತ್ತವೆ, ಬಡ್ಡಿಯ ಲೆಕ್ಕ ಹಾಗೇ ಉಳಿಯುತ್ತದೆ. ಅಂಥ ಕಡೆ ಪಿಟ್ ಎಂಬ ಮ್ಯುಟೇಶನ್ ಟೆಸ್ಟಿಂಗ್ ಉಪಕರಣವನ್ನೂ ಓಡಿಸಬೇಕು. ಅದು ಬೇಕೆಂದೇ ಕೋಡನ್ನು ಕೆಡಿಸಿ ಟೆಸ್ಟ್ ನಡೆಸುತ್ತದೆ. ಮೊದಲು ಹೇಳಿದ ಆ ಹಸಿರು ಮೆಥಡ್‌ನಲ್ಲಿ ಗುಣಾಕಾರವನ್ನು ಭಾಗಾಕಾರ ಮಾಡಿದರೂ ಟೆಸ್ಟ್ ಪಾಸಾಗುವುದು ಆಗ ಕಣ್ಣಿಗೆ ಬೀಳುತ್ತದೆ.