ಬಿಡಿಸಿ ಬರೆಯಿರಿ

ಹೋದ ವರ್ಷ ಅಮ್ಮನ ಸ್ಕ್ಯಾನ್ ರಿಪೋರ್ಟಿನಲ್ಲಿ ಒಂದು ಪದವಿತ್ತು: ಹೆಪಟೋಸ್ಪ್ಲೀನೋಮೆಗಲಿ. ಗಟ್ಟಿಯಾಗಿ ಓದಲು ಹೋಗಿ ನನ್ನ ನಾಲಿಗೆ ಎರಡು ಸಲ ತೊಡರಿತು. ‘ಇಷ್ಟುದ್ದ ಹೆಸರಿದೆ ಅಂದ್ರೆ ದೊಡ್ಡ ಕಾಯಿಲೆನೇ ಇರ್ಬೇಕು’ ಅಂದಳು ಅಮ್ಮ.

ಶಾಲೆಯಲ್ಲಿ ಸಂಧಿ ಬಿಡಿಸಿದ ಹಾಗೆ ಅದನ್ನು ಬಿಡಿಸಿದೆ. ಗ್ರೀಕಿನಲ್ಲಿ ‘ಹೇಪರ್’ ಎಂದರೆ ಲಿವರ್, ‘ಸ್ಪ್ಲೇನ್’ ಎಂದರೆ ಎಡಪಕ್ಕೆಲುಬಿನ ಕೆಳಗಿರುವ ಗುಲ್ಮ, ‘ಮೆಗಸ್’ ಎಂದರೆ ದೊಡ್ಡದು. ಬೆಸುಗೆ ಎಲ್ಲಿದೆಯೆಂದು ತಿಳಿದ ಮೇಲೆ ಉಚ್ಚಾರವೂ ಸಲೀಸಾಯಿತು. ಲಿವರ್, ಗುಲ್ಮ ಎರಡೂ ಊದಿಕೊಂಡಿವೆ, ಅಷ್ಟೇ ಅಂದೆ. ಅಮ್ಮ ತಕ್ಷಣ ಕೇಳಿದಳು: ‘ಯಾಕೆ ಊದ್ಕೊಂಡಿದೆ?’

ಆ ಪದ ಹೇಳದೆ ಬಿಟ್ಟದ್ದು ಅದನ್ನೇ. ಅದು ಕಾಯಿಲೆಯ ಹೆಸರಲ್ಲ, ಲಕ್ಷಣದ ಹೆಸರು. ಮಲೇರಿಯಾದಲ್ಲೂ ಹಾಗಾಗಬಹುದು, ರಕ್ತದ ಕ್ಯಾನ್ಸರಿನಲ್ಲೂ ಆಗಬಹುದು.

ನಮ್ಮ ಆರೋಗ್ಯ ಬರಹಗಳಿಗೆ ಇಂಥ ಪದ ಎದುರಾದಾಗ ಎರಡೇ ದಾರಿ. ಒಂದು, ಇಡೀ ಪದವನ್ನು ಕನ್ನಡ ಲಿಪಿಯಲ್ಲಿ ಇಳಿಸಿ ಮುಂದೆ ಹೋಗುವುದು. ಇನ್ನೊಂದು, ‘ಯಕೃತ್‌ಪ್ಲೀಹವೃದ್ಧಿ’ಯಂಥ ಸಂಸ್ಕೃತ ಸಮಾಸ ಕಟ್ಟುವುದು. ತಮಾಷೆಯೆಂದರೆ ಹೇಪರ್ ಮತ್ತು ಯಕೃತ್, ಸ್ಪ್ಲೇನ್ ಮತ್ತು ಪ್ಲೀಹ, ಎರಡೂ ಜೋಡಿಗಳು ಇಂಡೋ-ಯುರೋಪಿಯನ್ ಭಾಷಾ ಕುಟುಂಬದೊಳಗಿನ ನೆಂಟರು. ಒಬ್ಬ ನೆಂಟನನ್ನು ಕಳಿಸಿ ಇನ್ನೊಬ್ಬನನ್ನು ಕರೆಸಿದ್ದೇವೆ. ಓದುಗ ಮಾತ್ರ ಹೊಸಿಲಿನ ಆಚೆಯೇ ನಿಂತಿದ್ದಾನೆ.

ಬಿಡಿಸುವ ಕಲೆ ನಮಗೆ ಹೊಸದಲ್ಲ. ‘ಅನಾರೋಗ್ಯ’ವನ್ನು ಅನ್ + ಆರೋಗ್ಯ ಎಂದು ಬರೆದು ಅಂಕ ಪಡೆದವರಿಗೆ ‘ಅನೀಮಿಯಾ’ದೊಳಗಿನ ‘ಅನ್’ ಕಾಣದೆ ಇರದು. ಉಳಿದದ್ದು ‘ಹೈಮ’, ಅಂದರೆ ರಕ್ತ.

ಆದರೆ ಬಿಡಿಸಿದ ಮಾತ್ರಕ್ಕೆ ಅರ್ಥವಾಯಿತೆಂದು ನಂಬಿದರೂ ಮೋಸವೇ. ಅನೀಮಿಯಾ ಆದವರಿಗೆ ರಕ್ತ ಇಲ್ಲವೆಂದಲ್ಲ. ಕೆಂಪು ರಕ್ತಕಣ ಅಥವಾ ಹಿಮೋಗ್ಲೋಬಿನ್ ಕಡಿಮೆ. ನಮ್ಮ ‘ರಕ್ತಹೀನತೆ’ಯೂ ಅದೇ ತಪ್ಪನ್ನು ನಿಷ್ಠೆಯಿಂದ ಅನುವಾದಿಸಿದೆ. ‘ಹಿಸ್ಟೀರಿಯಾ’ದ ಬೇರು ‘ಹಿಸ್ಟೆರಾ’, ಅಂದರೆ ಗರ್ಭಕೋಶ. ಹೆಂಗಸರ ಸಂಕಟಗಳನ್ನೆಲ್ಲ ಗರ್ಭಕೋಶದ ತಲೆಗೆ ಕಟ್ಟಿದ ಹಳೆಯ ಪೂರ್ವಗ್ರಹ ಆ ಪದದೊಳಗೆ ಇನ್ನೂ ಕೂತಿದೆ.

ಹಾಗಾಗಿ ಕನ್ನಡದ ವೈದ್ಯ ಪದಕೋಶಗಳಿಂದ ನಾನು ಬಯಸುವುದು ಸಮಾನಪದವೊಂದನ್ನೇ ಅಲ್ಲ. ಪದವನ್ನು ಬಿಡಿಸಿ ತೋರಿಸಲಿ, ಆ ತುಂಡುಗಳು ಏನು ಹೇಳುವುದಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಲಿ. ರೋಗಿಗೆ ಪ್ರಶ್ನೆ ಸಿಗುವುದು ಆ ಸಾಲಿನಲ್ಲಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಮ್ಮ ಆ ಉದ್ದನೆಯ ಪದದ ತಂಟೆಗೇ ಹೋಗಲಿಲ್ಲ. ‘ಲಿವರ್ ಯಾಕೆ ಊದ್ಕೊಂಡಿದೆ ಡಾಕ್ಟ್ರೇ?’ ಎಂದು ಕೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು.